ಫ್ರಿಜ್ಜಿನ ಮೇಲಿನ ಹಲಗೆ

1998, ಜೂನ್ 2, ಮಂಗಳವಾರ
ಮಾರ್ಕಯನ್‌ಕೋಟ್ಟೈ

ಮಧುರೆಯಿಂದ ಬಂದವಳು ಸೀರೆ ಬದಲಿಸುವ ಮೊದಲೇ ಫ್ರಿಜ್ಜಿನ ಮೇಲಿನ ಹಲಗೆ ಖಾಲಿ ಮಾಡಿದೆ. ಹಿಟ್ಟಿನ ಪಾತ್ರೆ ಕೆಳಗಿಳಿಯಿತು. ಅವ್ವ ದೇವರಿಗೆಂದು ಇಟ್ಟಿದ್ದ ಮಲ್ಲಿಗೆ ತರಕಾರಿಯ ಜೊತೆ ಸೇರಿತು. ಹಲಗೆಯನ್ನು ಒದ್ದೆ ಬಟ್ಟೆಯಲ್ಲೊಮ್ಮೆ, ಒಣ ಬಟ್ಟೆಯಲ್ಲೊಮ್ಮೆ ಒರೆಸಿದೆ. ಇನ್ನು ಅದು ಜೆಯಂತಿಯ ಮಾತ್ರೆಗೆ ಮೀಸಲು.

ಇದುವರೆಗೆ ಕೊಡುತ್ತಿದ್ದ ಮಾತ್ರೆಯನ್ನು ಡಾಕ್ಟರು ಇಂದು ಪೂರ್ತಿ ನಿಲ್ಲಿಸಿಬಿಟ್ಟರು. ಅದು ಅವಳ ಮೂತ್ರಪಿಂಡವನ್ನೇ ಹಾಳುಮಾಡತೊಡಗಿದೆಯಂತೆ. ಅನ್ನದಲ್ಲಿ, ಕಾಳಿನಲ್ಲಿ ಇರುವ ಚಿಟಿಕೆ ತಾಮ್ರವನ್ನು ಎಲ್ಲರ ಮೈಯೂ ತಾನಾಗಿ ಹೊರಹಾಕುತ್ತದೆ. ನನ್ನ ಮಗಳ ಮೈ ಅದನ್ನು ಕೂಡಿಡುತ್ತದೆ, ಲಿವರಿನಲ್ಲಿ, ಮಿದುಳಿನಲ್ಲಿ. ಮೊದಲು ಕೈ ನಡುಗಿತು. ಆಮೇಲೆ ಅಕ್ಷರ ಸಾಸಿವೆಯಷ್ಟಾಯಿತು. ಈಗ ಮಾತು ತೊದಲುತ್ತಿದೆ. ಅವಳಿಗೆ ಇಪ್ಪತ್ತೊಂದು.

ಆ ತಾಮ್ರವನ್ನು ತೊಳೆಯುವ ಇನ್ನೊಂದು ಮಾತ್ರೆ ಇದೆ. ನಮ್ಮಲ್ಲಿ ಸಿಗುವುದಿಲ್ಲ. ಸಿಂಗಪೂರಿನ ಹೋಟೆಲಿನಲ್ಲಿ ಅಡುಗೆ ಮಾಡುವ ನನ್ನ ತಮ್ಮ ರಾಜ್‌ಕುಮಾರ್ ಅಲ್ಲಿಯ ಆಸ್ಪತ್ರೆಗೆ ಅಲೆದು, ಇಲ್ಲಿಯ ಡಾಕ್ಟರ ಚೀಟಿಯ ನಕಲು ತೋರಿಸಿ, ಆರು ತಿಂಗಳಿಗಾಗುವಷ್ಟು ಕೊಂಡು ಮೇ 27ರಂದು ವಿಮಾನದ ಅಂಚೆಗೆ ಹಾಕಿದ್ದಾನೆ. ದಾರಿಯಲ್ಲಿ ಕೆಲವು ವಾರ ಹೊರಗಿದ್ದರೂ ಕೆಡದು, ಕೈಸೇರಿದ ಮೇಲೆ ತಣ್ಣಗಿಡಬೇಕು. ಅಲ್ಲಿಯತನಕ ಸತುವಿನ ಮಾತ್ರೆ.

“ಇದು ಬಾಗಿಲು ಮುಚ್ಚುತ್ತದೆ ಟೀಚರ್, ಮನೆ ಗುಡಿಸುವುದಿಲ್ಲ,” ಎಂದರು ಡಾಕ್ಟರು. “ತುಂಬ ದಿನ ಇದರಲ್ಲೇ ತಳ್ಳಬೇಡಿ. ಒಮ್ಮೆ ಹೋದ ಮಾತು ವಾಪಸ್ ಬರುತ್ತೆ ಅಂತ ನಾನು ಹೇಳಲಾರೆ.”

ಮತ್ತೆ ಅದೇ ಪ್ರಶ್ನೆ ಕೇಳಿದರು, “ಸೊಂತದಲ್ಲೇ, ರಕ್ತಸಂಬಂಧದಲ್ಲೇ ಮದುವೆಯಾ?” ಹೌದು. ಅವ್ವನ ಮಗಳ ಮಗಳು ನಾನು, ಅವ್ವನ ಕಿರಿಯ ಮಗ ನನ್ನ ಗಂಡ. ಮದುವೆಗೆ ಮುಂಚೆ ಮಾವ ಎನ್ನುತ್ತಿದ್ದೆ, ಇಂದಿಗೂ ಮಾವ ಎಂದೇ ಕರೆಯುತ್ತೇನೆ. ಅವ್ವ ನನಗೆ ಅಜ್ಜಿಯೂ ಹೌದು, ಅತ್ತೆಯೂ ಹೌದು. ಡಾಕ್ಟರು ಬರೆದುಕೊಂಡರು. ಮಾವ ಕಿಟಕಿಯ ಕಡೆ ನೋಡುತ್ತ ಕೂತಿದ್ದರು.

ಈ ಮನೆಯಲ್ಲಿ ಎಲ್ಲರೂ ಕನ್ನಡ ಆಡುತ್ತಾರೆ, ಓದುವವಳು ನಾನೊಬ್ಬಳೇ. ಮೈಸೂರಿನ ಹಾಸ್ಟೆಲಿನಲ್ಲಿದ್ದು ಎಂ.ಎ. ಮಾಡಿದ ಎರಡು ವರ್ಷದಲ್ಲಿ ಕಲಿತ ಲಿಪಿ ಇದು. ಆದ್ದರಿಂದ ಇಲ್ಲಿ ಸುಳ್ಳು ಬರೆಯಬೇಕಾಗಿಲ್ಲ. ನನಗೆ ಭಯವಾಗಿದೆ.

ಜೂನ್ 7, ಭಾನುವಾರ

ನಿನ್ನೆ ರಾಜ್‌ಕುಮಾರನ ಕಾಗದ ಬಂತು, ಪಾರ್ಸೆಲ್ ಬರಲಿಲ್ಲ. ಕಾಗದದಲ್ಲಿ ರಸೀತಿಯ ನಂಬರಿದೆ. ವಿಳಾಸದಲ್ಲಿ ಮಧುರೆ ಜಿಲ್ಲೆ ಎಂದೇ ಬರೆದಿದ್ದಾನೆ, ತೇನಿ ಬೇರೆ ಜಿಲ್ಲೆಯಾದದ್ದು ಅವನಿಗೆ ನೆನಪಿಲ್ಲ. ಇದೊಂದಕ್ಕೆ ಎಷ್ಟು ದಿನ ಹೆಚ್ಚಾಗುವುದೋ.

ಅವ್ವ ಶುಕ್ರವಾರದಿಂದ ದೀಪದ ಹರಕೆ ಹಿಡಿದಿದ್ದಾಳೆ. ಎಂಬತ್ತೆರಡರ ವಯಸ್ಸಿನಲ್ಲಿ ಬೆಳಿಗ್ಗೆ ನಾಲ್ಕಕ್ಕೆ ತಣ್ಣೀರು ಸ್ನಾನ.

“ನಲವತ್ತೆಂಟು ದಿವ್ಸ ವಿಳಕ್ಕು ಆರ್ಬಾರ್ದು. ಮನೇಗೆ ತೀಟ್ಟು ತಟ್ಬಾರ್ದು. ಯಾರ್ದಾನ ಸಾವಿನ ತೀಟ್ಟು ತಟ್ತೋ, ಎಲ್ಲಾ ವೀಣು,” ಎಂದು ಮಾವನಿಗೆ ಹೇಳುತ್ತಿದ್ದಳು. ತೀಟ್ಟು ಎಂದರೆ ಸೂತಕ, ತಟ್ಟಿದರೆ ಹರಕೆಯೆಲ್ಲ ವ್ಯರ್ಥ.

ಜೆಯಂತಿ ಮಲಗಿದ್ದಲ್ಲಿಂದಲೇ ತಮಿಳಿಗೆ ನಮ್ಮ ಮಾತು ಕಲಸಿ ಅಜ್ಜಿಯನ್ನು ರೇಗಿಸಿದಳು. “ಅಪ್ಪತ್ತಾ, ನಂಗ್ಯಾಕೆ ವಿಳಕ್ಕು? ನಾನು ಇಲ್ಲೇ ಬಿದ್ದಿದೀನಿ, ಎಲ್ಲೂ ತಪ್ಪಿಸ್ಕೊಂಡ್ ಹೋಗಲ್ಲ. ಪೋಸ್ಟ್ ಆಫೀಸಿಗೆ ಹಚ್ಚು, ಅವರಿಗೆ ದಾರಿ ಕಾಣ್ತಿಲ್ಲ.” ‘ತಪ್ಪಿಸ್ಕೊಂಡ್’ ಎಂಬಲ್ಲಿ ನಾಲಿಗೆ ಸಿಕ್ಕಿಕೊಂಡಿತು. ಎರಡನೇ ಸಲ ಸರಿಯಾಗಿ ಹೇಳಿಯೇ ಬಿಟ್ಟಳು.

ಅವ್ವ ಅವಳಿಗೆ ನೀರು ಕೊಡುವುದಿಲ್ಲ. ನನ್ನನ್ನು ಕೂಗುತ್ತಾಳೆ. ಜನವರಿಯಲ್ಲಿ ಕಾಯಿಲೆಯ ಹೆಸರು ತಿಳಿದ ದಿನ ನಾನು ಎಲ್ಲರೆದುರು ಕಿರುಚಿದ್ದೆ, “ನಿನ್ನ ತಾಮ್ರದ ಚೊಂಬಲ್ಲಿ ಕುಡಿಸಿ ಕುಡಿಸಿಯೇ ಹೀಗಾಯಿತು” ಎಂದು. ಚೊಂಬು ಕಾರಣವಲ್ಲ, ಇದು ಹುಟ್ಟಿನಿಂದ ಬಂದದ್ದು ಎಂದು ಡಾಕ್ಟರು ಆಮೇಲೆ ಹೇಳಿದರು. ನಾನೂ ಅವ್ವನಿಗೆ ಹೇಳಿದೆ. ಅಷ್ಟರಲ್ಲಿ ಅವಳು ಚೊಂಬನ್ನು ಅಟ್ಟಕ್ಕೆ ಹಾಕಿ, ಮೂರು ದಿನ ದನದ ಕೊಟ್ಟಿಗೆಯಲ್ಲಿ ಕೂತು ಬರೀ ಗಂಜಿ ಕುಡಿದಿದ್ದಳು. ಹೇಳಿದ್ದನ್ನು ನಂಬಿದಳೋ ಇಲ್ಲವೋ ಗೊತ್ತಿಲ್ಲ. ಚೊಂಬು ಇನ್ನೂ ಅಟ್ಟದಲ್ಲೇ ಇದೆ.

ಸಂಜೆ ಜೆಯಂತಿಗೆ ಎರಡು ಕವಿತೆ ಓದಿ ಹೇಳಿದೆ. ಮಳೆಯದು ಬೇಡ, ಮಳೆ ಇಲ್ಲದ್ದು ಓದು ಎಂದಳು.

ಜೂನ್ 12, ಶುಕ್ರವಾರ

ಟಪಾಲಿನ ತಂಗವೇಲ್‌ಗೆ ನಾಳೆಯಿಂದ ಹತ್ತು ದಿನ ರಜ. ಮೊಮ್ಮಗಳ ಕಿವಿ ಚುಚ್ಚಿಸಲು ಪಳನಿಗೆ ಹೋಗುತ್ತಾನಂತೆ. ಬದಲಿಗೆ ಬರುವವನು ಚಿನ್ನಮನೂರಿನವನು, ನಮ್ಮ ಬೀದಿ ತಿಳಿಯದವನು.

“ಪಾರ್ಸೆಲ್ ಬಂದ್ರೆ ನಾ ಇಟ್ಕೊಂಡು ಏನ್ ಮಾಡ್ಲಿ ಟೀಚರ್? ಮಾತ್ರೆ ನಾ ತಿಂತೀನಾ?” ಎಂದು ತಂಗವೇಲ್ ನಕ್ಕ. ನಮ್ಮವನೇ, ನಮ್ಮ ಮಾತೇ. ಅವನು ತಂದದ್ದು ಒಂದೇ ಕಾರ್ಡು, ಸುತ್ತ ಕಪ್ಪು ಗೆರೆ, ಮೂಲೆ ಹರಿದದ್ದು, ಕೂಡಲೂರಿನ ಯಾರದೋ ಸಾವಿನ ಹದಿನಾರನೇ ದಿನದ್ದು. ಸಾವಿನ ಕಾರ್ಡು ನಮ್ಮಲ್ಲಿ ಹೊಸ್ತಿಲು ದಾಟುವಂತಿಲ್ಲ. ಅಂಗಳದಲ್ಲಿ ನಿಂತು ಓದಿ ಹೇಳಿದೆ. ನಮ್ಮ ವಂಶದವರಲ್ಲ, ತೀಟ್ಟಿಲ್ಲ ಎಂದು ಅವ್ವ ಉಸಿರುಬಿಟ್ಟು ಅದನ್ನು ಸೂರಿನ ಸಂದಿಗೆ ಸಿಕ್ಕಿಸಿದಳು. ಮದುವೆಯ ಕಾರ್ಡುಗಳೆಲ್ಲ ಒಳಗೆ ಕ್ಯಾಲೆಂಡರಿನ ಹಿಂದೆ, ಸಾವಿನವೆಲ್ಲ ಹೊರಗೆ ಹೆಂಚಿನ ಕೆಳಗೆ. ಎಂ.ಎ. ಓದಿದ ನಾನು ಇದಕ್ಕೆಲ್ಲ ನಗುತ್ತಿದ್ದೆ. ಈಗ ನಗುವಷ್ಟು ಪುರುಸೊತ್ತಿಲ್ಲ.

ಜೂನ್ 17, ಬುಧವಾರ

ಅವ್ವನಿಗೆ ಏನೋ ಆಗಿದೆ. ನಿನ್ನೆ ನಾನು ಶಾಲೆಯಿಂದ ಬರುವಷ್ಟರಲ್ಲಿ ಎರಡನೇ ಸಲ ತಲೆಗೆ ಸ್ನಾನ ಮಾಡಿದ್ದಳು. ಕೂದಲು ಒದ್ದೆ. ಕೇಳಿದರೆ “ಸೆಖೆ” ಎಂದಳು. ಊಟಕ್ಕೆ ಕೂತು ಒಂದೇ ತುತ್ತಿಗೆ ಎದ್ದಳು. ಇಂದು ಬೆಳಿಗ್ಗೆ ಮೇಲಿನ ಬೀದಿಯ ಜೆಯಲಕ್ಷ್ಮಿ ಮೊಸರಿಗೆ ಬಂದಾಗ ಅವ್ವ, ಕಂಬಂನಲ್ಲಿರುವ ತನ್ನ ದೊಡ್ಡ ಮಗಳು, ಅಂದರೆ ನನ್ನ ಅಮ್ಮ, ಹೇಗಿದ್ದಾಳೆ ಎಂದು ವಿಚಾರಿಸಿದಳು.

“ನಿನ್ ಮಗಳು ಎಂಗವ್ಳೆ ಅಂತ ನನ್ನ ಕೇಳ್ತೀಯಾ ಕರುಪ್ಪಾಯಕ್ಕಾ? ಮೊನ್ನೆ ಸಂತೇಲಿ ನೋಡ್ದೆ. ಬದನೆಕಾಯಿಗೆ ಜಗಳ ಆಡ್ತಿದ್ಳು.”

“ಮೊನ್ನೆ ಅಂದ್ರೆ ಎಂದು?”

“ಭಾನುವಾರ.”

“ಆಮೇಲೆ ನೋಡ್ಲಿಲ್ವಾ?”

ಜೆಯಲಕ್ಷ್ಮಿ ನನ್ನ ಮುಖ ನೋಡಿದಳು. ವಯಸ್ಸಾಯಿತು ಎಂಬಂತೆ ನಾನು ಕಣ್ಣು ಮಾಡಿದೆ.

ಪಾರ್ಸೆಲಿನ ಕಾಗದ ಏನಾದರೂ ಬಂತಾ ಅವ್ವ ಎಂದು ದಿನವೂ ಕೇಳುತ್ತೇನೆ. “ಪಾರ್ಸೆಲ್ ಕಾಯ್ದ ಏನೂ ಬರ್ಲಿಲ್ಲ ತಾಯಿ,” ಎನ್ನುತ್ತಾಳೆ, ದೀಪಕ್ಕೆ ಎಣ್ಣೆ ಹಾಕುತ್ತ.

ಜೂನ್ 22, ಸೋಮವಾರ

ಅರ್ಧ ದಿನ ರಜ ಹಾಕಿ ತೇನಿಗೆ ಹೋದೆ. ಅಂಚೆ ಕಚೇರಿಯಲ್ಲಿ ಮೂರು ಕಿಟಕಿ ಬದಲಾಯಿಸಿದ ಮೇಲೆ ಒಬ್ಬರು ರಸೀತಿಯ ನಂಬರು ನೋಡಿ ತಲೆಯಾಡಿಸಿದರು.

“ಇದು ಅವರ ದೇಶದ ನಂಬರ್ ಅಮ್ಮಾ. ಔಷಧ ಅಂತೀರಿ. ಚೆನ್ನೈಯಲ್ಲಿ ಸುಂಕದವರು ಬಿಚ್ಚಿ ನೋಡ್ತಾರೆ. ಸಂಶಯ ಇದ್ರೆ ನಿಮಗೊಂದು ಸೂಚನೆ ಕಳಿಸ್ತಾರೆ, ಅದರಲ್ಲಿ ಅವರ ಫೈಲ್ ನಂಬರ್ ಇರುತ್ತೆ. ಅದಿಲ್ಲದೆ ನೀವು ಚೆನ್ನೈಗೇ ಹೋದ್ರೂ ಆ ಗುಡ್ಡೆಯಲ್ಲಿ ಯಾರು ಹುಡುಕ್ತಾರೆ?”

“ಸೂಚನೆ ಬರದಿದ್ದರೆ?”

“ಬರುತ್ತೆ. ಬಾರದೆ ಇರಲ್ಲ.”

ಡಾಕ್ಟರ ಚೀಟಿಯ ಮೂಲಪ್ರತಿ ಬೇಕಾಗುತ್ತದೆ, ಸ್ವಂತ ಬಳಕೆಗೆ ಎಂದು ಒಂದು ಹೇಳಿಕೆಯೂ ಬೇಕು ಎಂದರು. ಅಲ್ಲೇ ಬೆಂಚಿನ ಮೇಲೆ ಕೂತು ಹೇಳಿಕೆ ಬರೆದೆ. ಎರಡನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೈಚೀಲದಲ್ಲಿಟ್ಟುಕೊಂಡಿದ್ದೇನೆ. ಸೂಚನೆ ಬಂದ ದಿನವೇ ರಾತ್ರಿಯ ಬಸ್ಸು ಹತ್ತುತ್ತೇನೆ.

ಜೂನ್ 29, ಸೋಮವಾರ

ನಿನ್ನೆ ರಾಜ್‌ಕುಮಾರನಿಗೆ ಫೋನ್ ಮಾಡಲು ಚಿನ್ನಮನೂರಿನ ಬೂತಿಗೆ ಹೊರಟಾಗ ಅವ್ವ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. ನಾನೂ ಬತ್ತೀನಿ, ಅವನ ಗಂಟಲು ಕೇಳಬೇಕು ಎಂದಳು. ಬೇಡವೆಂದರೆ ಕೇಳಲಿಲ್ಲ.

ರಾಜ್‌ಕುಮಾರ್ ಅಲ್ಲಿಯ ಕಚೇರಿಯಲ್ಲಿ ವಿಚಾರಿಸಿದ್ದಾನೆ. ಜೂನ್ ಮೊದಲ ವಾರವೇ ಚೆನ್ನೈ ತಲುಪಿದೆ. ಆಮೇಲಿನದು ಅವರಿಗೂ ಕಾಣದು. ಅಷ್ಟು ಹೇಳುವಷ್ಟರಲ್ಲಿ ಅವ್ವ ರಿಸೀವರ್ ಕಸಿದುಕೊಂಡಳು.

“ಯಾರದು? ರಾಸ್ಕುಮಾರನಾ? ನಿಂಗೆ ನಾಯಿ ಕಚ್ಚಿದ್ದು ಯಾವ ಕಾಲು?”

ಬೂತಿನ ಹುಡುಗಿ ಬಾಯಿ ಮುಚ್ಚಿಕೊಂಡು ನಕ್ಕಳು. ಆ ಕಡೆಯಿಂದ “ಎಡಗಾಲು ಅವ್ವೋ, ಯಾಕೆ?” ಎಂದು ಅವನು ಕೂಗಿದ್ದು ನನಗೂ ಕೇಳಿಸಿತು.

“ಇವನೇ,” ಎಂದಳು ಅವ್ವ. ರಿಸೀವರನ್ನು ನನ್ನ ಕೈಗಿಟ್ಟು ಹೊರಗೆ ಹೋಗಿ, ಬೀದಿಯಲ್ಲಿ ಕೂತು ಅತ್ತಳು. ನನಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಮಲಗಿರುವ ಹುಡುಗಿಗಾಗಿ ಅಳದವಳು ಗಟ್ಟಿಮುಟ್ಟಾಗಿರುವ ಗಂಡಸಿಗಾಗಿ ಅತ್ತಳು.

ಜುಲೈ 5, ಭಾನುವಾರ

ಚಮಚ ಹಿಡಿಯುವುದು ನಿಂತಿತು. ನಾನು ತಿನ್ನಿಸುತ್ತೇನೆ. ನುಂಗುವುದು ನಿಧಾನ. “ಅಮ್ಮಾ, ನಾನ್... ಮತ್ತೆ... ಪಾಪ,” ಎಂದು ನಕ್ಕಳು. ಪಾಪ ಎಂದರೆ ಮಗು, ಅವ್ವ ಅವಳನ್ನು ಇಂದಿಗೂ ಹಾಗೆಯೇ ಕರೆಯುತ್ತಾಳೆ.

ಚೆನ್ನೈಗೆ ಮೂರನೇ ಕಾಗದ ಬರೆದೆ. ರಿಜಿಸ್ಟರ್ಡ್.

ಜುಲೈ 12, ಭಾನುವಾರ

ಅವ್ವ ಇಂದು ಯಾರಿಗೂ ಹೇಳದೆ ಬಸ್ಸು ಹತ್ತಿ ಪೆರಿಯಕುಳಂಗೆ, ತಂಗಿ ರಾಜಮ್ಮಾಳ್ ಮನೆಗೆ ಹೋಗಿಬಂದಳು. ತೇನಿಯಲ್ಲಿ ಬಸ್ಸು ಬದಲಿಸಿ, ಒಬ್ಬಳೇ, ಈ ವಯಸ್ಸಿನಲ್ಲಿ. ಕತ್ತಲಾಗುವ ಮೊದಲು ದೀಪಕ್ಕೆ ಎಣ್ಣೆ ಹಾಕಬೇಕೆಂದು ಓಡಿಬಂದಳಂತೆ. ಸೆರಗಿನಲ್ಲಿ ನಾಲ್ಕು ಮಾವಿನಹಣ್ಣು.

ಮಾವ ಕೇಳಿದರು, “ಏನವ್ವಾ ಅಷ್ಟು ಅವಸರ?”

“ನೋಡ್ಬೇಕು ಅನ್ಸ್ತು. ಅವ್ಳೆ. ಚೆನ್ನಾಗವ್ಳೆ. ವೆತ್ತಲೆ ಅಡಿಕೆ ಕುಟ್ಕೊಂಡು ಕೂತವ್ಳೆ.”

ನಾನು ತಡೆಯಲಾರದೆ ಹೇಳಿದೆ, “ಮನೆಯಲ್ಲಿ ಮಗು ಹೀಗಿರುವಾಗ ನೆಂಟರ ಯೋಗಕ್ಷೇಮ ನೋಡಲು ಹೋಗುತ್ತೀಯಲ್ಲ ಅವ್ವ.”

ಅವಳು ಬೆರಳು ಮಡಿಸಿ ಯಾರನ್ನೋ ಎಣಿಸುತ್ತಿದ್ದಳು, ಒಬ್ಬೊಬ್ಬರಾಗಿ.

ಈಗೀಗ ಹಿಟ್ಟಿನ ಪಾತ್ರೆ ತೆಗೆಯಲು ಬಗ್ಗಿದರೆ ಸೊಂಟ ಹಿಡಿಯುತ್ತದೆ.

ಜುಲೈ 19, ಭಾನುವಾರ

ಆಡಿ ತಿಂಗಳ, ಆಷಾಢದ ಗಾಳಿ ಶುರುವಾಗಿದೆ. ಬೆಟ್ಟದ ಸಂದಿಯಿಂದ ನುಗ್ಗಿ ಬಾಳೆ ಎಲೆಗಳನ್ನೆಲ್ಲ ಸೀಳುತ್ತದೆ. ದ್ರಾಕ್ಷಿ ಚಪ್ಪರಕ್ಕೆ ಮಾವ ಹಗ್ಗ ಬಿಗಿಯುತ್ತಿದ್ದಾರೆ. ಅವ್ವ ದಿನಕ್ಕೆ ನಾಲ್ಕು ಸಲ ಹೊರಗೆ ಹೋಗಿ ಸೂರನ್ನು ನೋಡುತ್ತಾಳೆ. ಹೆಂಚು ಹಾರಲ್ಲ ಅವ್ವ ಎಂದೆ.

ನಿನ್ನೆ ಮಧುರೆ. ಡಾಕ್ಟರು ಜೆಯಂತಿಯ ಹೆಸರು ಕೇಳಿದರು, ಅವಳ ಬಾಯಿಂದಲೇ ಬರಲಿ ಎಂದು. ತುಂಬ ಹೊತ್ತು ಕಾದರು. ಆಮೇಲೆ ನನ್ನನ್ನು ಕೇಳಿದರು, “ಪಾರ್ಸೆಲ್ ಎಲ್ಲಿ?”

ಕವಿತೆಯ ಪುಸ್ತಕ ಎಲ್ಲಿಟ್ಟೆನೋ ಕಾಣಿಸುತ್ತಿಲ್ಲ. ಹುಡುಕಲಿಲ್ಲ.

ಜುಲೈ 23, ಗುರುವಾರ

ಆದದ್ದನ್ನು ಆದ ಹಾಗೆಯೇ ಬರೆಯಬೇಕು.

ನಿನ್ನೆಗೆ ದೀಪದ ನಲವತ್ತೆಂಟು ದಿನ ಮುಗಿಯಿತು. ಇಂದು ಶಾಲೆಯಿಂದ ಬಂದಾಗ ಅವ್ವ ಅಂಗಳದಲ್ಲಿ ನನಗಾಗಿ ಕಾಯುತ್ತಿದ್ದಳು. ಹಂಡೆಯಲ್ಲಿ ನೀರು ಕಾದಿತ್ತು. ಒಗೆದ ಬಿಳಿ ಸೀರೆ ಹಗ್ಗದ ಮೇಲಿತ್ತು.

“ಒಳಕ್ಕೆ ಹೋಗ್ಬೇಡ ತಾಯಿ. ಇಲ್ಲೇ ನಿಂತ್ಕೊ.”

ಸೂರಿನ ಕೆಳಗೆ ಮಣೆ ಹಾಕಿ ಹತ್ತಿ, ಹೆಂಚಿನ ಅಡಿ ಮೊಣಕೈವರೆಗೆ ಕೈ ತೂರಿಸಿ ಒಂದು ಕಾರ್ಡು ಎಳೆದಳು. ಗಾಳಿಗೆ ಹಾರದಂತೆ ಬಾಳೆನಾರಿನಲ್ಲಿ ರೀಪಿಗೆ ಕಟ್ಟಿದ್ದಳು. ಸುತ್ತಲೂ ದಪ್ಪ ಕಪ್ಪು ಗೆರೆ, ಒಂದು ಮೂಲೆ ಹರಿದಿದೆ. ದೂರದಿಂದ ನೋಡಿದರೆ ಯಾರಿಗಾದರೂ ಸಾವಿನ ಕಾರ್ಡೇ.

“ಆ ಹೊಸ ಟಪಾಲುಕಾರ ಕೊಟ್ಟೋದ. ವಿಳಕ್ಕು ಹನ್ನೆರಡ್ನೇ ದಿವ್ಸ. ಓದಿಸಿದ್ರೆ ಯಾರ್ದು ಅಂತ ಗೊತ್ತಾಯ್ತದೆ, ಗೊತ್ತಾದ್ರೆ ಮನೇಗೆಲ್ಲ ತೀಟ್ಟು, ಪಾಪನ ವಿಳಕ್ಕು ಆರೋಯ್ತದೆ. ಓದ್ದೆ ಇದ್ರೆ ತಟ್ಟೊಲ್ಲ. ಅದ್ಕೇ ನಾನೊಬ್ಳೇ ಮುಳುಗು ಹಾಕ್ದೆ. ಯಾರಂತ ತಿಳೀದೆ ಎಲ್ರಿಗೂ ಅತ್ತೆ. ರಾಸ್ಕುಮಾರ ಅಲ್ಲ, ಗಂಟ್ಲು ಕೇಳ್ದೆ. ರಾಜಮ್ಮ ಅಲ್ಲ, ಕಣ್ಣಾರೆ ನೋಡ್ದೆ. ಇನ್ನು ಯಾರೇ ಆದ್ರೂ ತಡ್ಕೊತೀನಿ. ಓದು.”

ಓದಿದೆ. ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ ಅಚ್ಚು. ಖಾಲಿ ಜಾಗಗಳಲ್ಲಿ ನೀಲಿ ಇಂಕು, ಅದರಲ್ಲಿ ನನ್ನದೇ ಹೆಸರು. ಕಮಲಮ್ಮಾಳ್ ಅವರಿಗೆ ಸಿಂಗಪೂರಿನಿಂದ ಬಂದ ಔಷಧದ ಪಾರ್ಸೆಲನ್ನು ತಡೆಹಿಡಿಯಲಾಗಿದೆ. ಡಾಕ್ಟರ ಚೀಟಿಯ ಮೂಲಪ್ರತಿ ಮತ್ತು ಹೇಳಿಕೆಯನ್ನು ಜುಲೈ 11ರೊಳಗೆ ಹಾಜರುಪಡಿಸಬೇಕು. ತಪ್ಪಿದಲ್ಲಿ ಕಳಿಸಿದವರಿಗೆ ಹಿಂತಿರುಗಿಸಲಾಗುವುದು.

ಆ ಚೀಟಿ, ಆ ಹೇಳಿಕೆ ನನ್ನ ಹೆಗಲ ಮೇಲಿದ್ದ ಚೀಲದಲ್ಲೇ ಇದ್ದವು.

ಕಿರುಚಲು ಬಾಯಿ ತೆರೆದದ್ದು ನೆನಪಿದೆ. ಮಣೆಯ ಮೇಲೆ ಅವ್ವ ನಿಂತಿದ್ದಳು, ಮೊಣಕೈಗೆ ಜೇಡರ ಬಲೆ ಅಂಟಿಕೊಂಡಿತ್ತು. “ಮೂವತ್ತೆಂಟು ದಿವ್ಸ ತಡ್ದೆ ತಾಯಿ,” ಎಂದಳು. “ಪಾಪಂಗೆ ತಟ್ಟಕ್ಕೆ ಬಿಡ್ಲಿಲ್ಲ.” ಅಟ್ಟದ ಮೇಲಿನ ಚೊಂಬು ನೆನಪಾಯಿತು. ಮೂರು ದಿನದ ಗಂಜಿ ನೆನಪಾಯಿತು.

“ಯಾರು?”

“ದೂರದವರು,” ಎಂದೆ. “ಸಿಲೋನಿನವರು. ನಿನ್ನ ದೊಡ್ಡಪ್ಪನ ಕಡೆಯವರು ತೋಟಕ್ಕೆ ಹೋದರಲ್ಲ, ಅವರ ಮರಿಮಗಳು.”

“ಹೆಸರು?”

“ಪೊನ್ನುತಾಯಿ.”

“ಎಷ್ಟು ವಯಸ್ಸು?”

ನಾನು ಯೋಚಿಸಲಿಲ್ಲ. “ಇಪ್ಪತ್ತೊಂದು,” ಎಂದೆ.

ಅವ್ವ ಮಣೆಯಿಂದ ಇಳಿದು ಅಲ್ಲೇ ಕೂತಳು. “ಅಯ್ಯೋ, ನಮ್ ಪಾಪನ ವಯಸ್ಸು. ಎತ್ತವಳು ಎಂಗೆ ತಡ್ಕೊಂಡಾಳು.” ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದಳು. “ಬಿಡು. ನಮ್ ಮನೇದಲ್ಲ. ಅಷ್ಟು ಸಾಕು.”

ಇಬ್ಬರೂ ಸ್ನಾನ ಮಾಡಿದೆವು. ಒಳಗೆ ಹೋದರೆ ಜೆಯಂತಿ ಕಣ್ಣು ಬಿಟ್ಟುಕೊಂಡೇ ಇದ್ದಳು. ಅಂಗಳದ ಕಿಟಕಿ ಅವಳ ತಲೆಯ ಹತ್ತಿರವೇ ಇದೆ. ಬಾ ಎಂಬಂತೆ ಕಣ್ಣಲ್ಲಿ ಕರೆದಳು. ಕಿವಿ ಹತ್ತಿರ ಕೊಟ್ಟೆ. ನಾಲ್ಕೈದು ಸಲ ತುಟಿ ಕೂಡಿಸಿದಳು.

“ಹೆಸ್ರು... ಚೆನ್ನಾಗ್... ಅದೆ.”

ಅವಳು ನಗುತ್ತಿದ್ದಳು.

ಜುಲೈ 24, ಶುಕ್ರವಾರ

ಬೂತಿನಿಂದ ಚೆನ್ನೈಗೆ ಫೋನ್. ಈಗ ಫೈಲ್ ನಂಬರ್ ಇತ್ತು, ಎರಡೇ ನಿಮಿಷಕ್ಕೆ ಸಿಕ್ಕಿತು. ಜುಲೈ 14ಕ್ಕೆ ವಾಪಸ್ ಕಳಿಸಿದ್ದಾರೆ. ಹಡಗಿನಲ್ಲಿ. “ಒಂದು ಕಾರ್ಡಿಗೆ ಉತ್ತರ ಬರೆಯಲು ಒಂದು ತಿಂಗಳು ಸಾಲಲಿಲ್ಲವೇ ಮೇಡಮ್?” ಎಂದರು. ನಾನು ಬರೆದ ಕಾಗದಗಳಲ್ಲಿ ಆ ನಂಬರ್ ಇರಲಿಲ್ಲವಂತೆ.

ಮಾವನಿಗೆ ಹೇಳಿದೆ, ಸೂಚನೆ ಕಳಿಸಿದ್ದರಂತೆ, ನಮಗೆ ಬರಲಿಲ್ಲ.

ಜುಲೈ 27, ಸೋಮವಾರ

ಮಾವ ಬೀದಿಯಲ್ಲಿ ತಂಗವೇಲ್‌ನ ಅಂಗಿ ಹಿಡಿದರು. ಎಂದೂ ದನಿ ಎತ್ತಿದವರಲ್ಲ. “ಕಿವಿ ಚುಚ್ಸೋಕೆ ಹೋದ್ಯಲ್ಲೋ, ನನ್ ಮಗಳ ಬಾಯಿ ಹೊಲ್ದುಬಿಟ್ಯಲ್ಲೋ,” ಎಂದರು.

“ನಾ ರಜದಲ್ಲಿದ್ದೆ ಪಳನಿಸಾಮಣ್ಣಾ, ನನ್ ಮೊಮ್ಮಗು ಮೇಲಾಣೆ. ಟೀಚರ್, ನೀವಾದ್ರೂ ಹೇಳಿ.”

ನಾನು ಬಾಗಿಲಲ್ಲಿ ನಿಂತಿದ್ದೆ. ನನ್ನ ಹಿಂದೆ ಅವ್ವ ನಿಂತಿದ್ದಳು. ನಾನು ಏನೂ ಹೇಳಲಿಲ್ಲ.

ಆಗಸ್ಟ್ 7, ಶುಕ್ರವಾರ

ಸಿಲೋನಿನ ಹುಡುಗಿಯ ಹದಿನಾರನೇ ದಿನ. ಅಷ್ಟು ದೂರದವರಿಗೆ ನಾವು ಮಾಡಬೇಕಾಗಿಲ್ಲ ಎಂದೆ. “ಹೆಣ್ ಮಗು. ಆ ತೋಟದಾಗೆ ಯಾರು ಮಾಡಿರ್ತಾರೋ ಇಲ್ವೋ,” ಎಂದಳು ಅವ್ವ. ಅಟ್ಟದಿಂದ ತಾಮ್ರದ ಚೊಂಬು ಇಳಿಸಿಕೊಡು ಎಂದಳು. ಇಳಿಸಿ, ಹುಣಸೆಹಣ್ಣು ಹಚ್ಚಿ ಉಜ್ಜಿಕೊಟ್ಟೆ.

ಕಾಲುವೆಯ ಮೆಟ್ಟಿಲಿನಲ್ಲಿ ಎಳ್ಳು ನೀರು ಬಿಟ್ಟಳು. ಆಮೇಲೆ ಹಾಡಿ ಅತ್ತಳು. ಪೊನ್ನುತಾಯಿ, ನಿನ್ನ ಮುಖ ನಾ ಕಾಣಲಿಲ್ಲ, ನಿನ್ನ ತಲೆ ನಾ ಬಾಚಲಿಲ್ಲ, ನಿನಗೆ ನೀರು ನಾ ಕೊಡಲಿಲ್ಲ. ನಮ್ಮ ಹೆಂಗಸರು ಹೀಗೆ ಅಳುವುದನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಬಾಯಿ ಕೂಡಿಸಿದವಳಲ್ಲ. ಇಂದು ದನಿ ಎಲ್ಲಿಂದ ಬಂತೋ. ನಡುವೆ ಅವ್ವ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು.

“ಸಾಕು ತಾಯಿ. ನೀ ಕಾಣದ ಮಗುವಿಗೆ ಇಷ್ಟು ಅಳ್ಬೇಡ.”

ದಾರಿಯಲ್ಲಿ ಚೊಂಬನ್ನು ನಾನೇ ಹಿಡಿದುಕೊಂಡೆ.

ಆಗಸ್ಟ್ 19, ಬುಧವಾರ

ರಾಜ್‌ಕುಮಾರ್ ಹಳೆಯ ಪೊಟ್ಟಣಕ್ಕೆ ಕಾಯದೆ ಹೊಸದಾಗಿ ಕೊಂಡು ಆಗಸ್ಟ್ 10ಕ್ಕೆ ಕಳಿಸಿದ್ದಾನೆ. ಚೆನ್ನೈ, ಸುಂಕ, ಸೂಚನೆ. ಮತ್ತೆ ಕಪ್ಪು ಗೆರೆಯ ಕಾರ್ಡೇ ಬರುತ್ತದೆ. ಮೊನ್ನೆ ಡಾಕ್ಟರು, ಬಂದರೆ ಇರುವುದನ್ನು ಉಳಿಸಬಹುದು ಎಂದರು. ಇರುವುದು ಎಂದರೆ ಏನೆಂದು ನಾನು ಕೇಳಲಿಲ್ಲ. ಜೆಯಂತಿ ಎಂಟು ದಿನದಿಂದ ಏನೂ ಹೇಳಿಲ್ಲ. ಕಣ್ಣು ಮಾತ್ರ ಎಲ್ಲದಕ್ಕೂ ನಗುತ್ತದೆ.

ಶಾಲೆಗೆ ಸಂಬಳವಿಲ್ಲದ ರಜ ಬರೆದುಕೊಟ್ಟೆ. ಹೆಡ್‌ಮಿಸ್ಟ್ರೆಸ್ ಮಗಳಿಗಾಗಿಯೇ ಎಂದು ಕೇಳಿದರು. ಹೌದೆಂದೆ. ಬೆಳಿಗ್ಗೆ ದೀಪಕ್ಕೆ ಎಣ್ಣೆ ಹಾಕಿ, ಜೆಯಂತಿಗೆ ಗಂಜಿ ಕುಡಿಸಿ, ಹನ್ನೊಂದರಿಂದ ಜಗುಲಿಯಲ್ಲಿ ಕೂರುತ್ತೇನೆ. ಸ್ವಲ್ಪ ಹೊತ್ತಿಗೆ ಅವ್ವನೂ ಬಂದು ಪಕ್ಕದಲ್ಲಿ ಕೂರುತ್ತಾಳೆ.

“ನೀ ಯಾಕೆ ತಾಯಿ ಬಿಸಿಲಲ್ಲಿ? ಒಳಗೆ ಪಾಪನ್ ಹತ್ರ ಇರು. ಕಾಯ್ದ ಬಂದ್ರೆ ನಾ ಇಸ್ಕೊತೀನಿ. ಎಂಥದ್ದು ಬಂದ್ರೂ ಒಳಗೆ ಬಿಡೊಲ್ಲ.”

“ಇರಲಿ ಅವ್ವ. ಗಾಳಿಗೆ ಕೂತಿದ್ದೇನೆ.”

ಗಾಳಿ ನಿಂತು ಮೂರು ದಿನವಾಗಿದೆ.

ಮಧ್ಯಾಹ್ನ ಹಿಟ್ಟು ತೆಗೆಯಲು ಫ್ರಿಜ್ಜು ತೆರೆದೆ. ಪಾತ್ರೆ ಮೇಲಿನ ಹಲಗೆಯಲ್ಲಿತ್ತು. ಪಕ್ಕದಲ್ಲಿ ಮಲ್ಲಿಗೆ. ಯಾರಿಟ್ಟರು ಎಂದು ಕೇಳಲಿಲ್ಲ. ನಾನೇ ಇಟ್ಟಿರಬಹುದು. ಎರಡನ್ನೂ ಕೆಳಗಿಳಿಸಿ, ಒದ್ದೆ ಬಟ್ಟೆ ತಂದು ಮತ್ತೆ ಒರೆಸತೊಡಗಿದ್ದೆ, ಅಷ್ಟರಲ್ಲಿ ತಿರುವಿನಲ್ಲಿ ತಂಗವೇಲ್‌ನ ಸೈಕಲ್ ಬೆಲ್ಲು ಕೇಳಿಸಿತು. ಬಟ್ಟೆ ಕೈಯಲ್ಲಿ ಹಿಡಿದೇ ಓಡಿದೆ. ಅವ್ವ ಆಗಲೇ ಎದ್ದು, ಮೆಟ್ಟಿಲಿಳಿದು, ಕೈ ಚಾಚಿಕೊಂಡು ನಿಂತಿದ್ದಳು. ಅವಳ ಮುಂದೆ ಹೋಗಿ ನಾನು ನಿಂತೆ.

ಅವನು ನಮ್ಮ ಮನೆಯ ಕಡೆ ನೋಡದೆ ಹೋದ.